ಯಹೂದಿ ಮನೆಯ ಪುಣ್ಯತಿಥಿ: ‘ಯಾರ್ಟ್ಸೈಟ್’ ಆಚರಣೆಗೆ ಹಂತ ಹಂತದ ಮಾರ್ಗದರ್ಶಿ

‘ನಾನು ನೋಡಿಕೊಳ್ಳುತ್ತಿರುವ ಅಜ್ಜಿಯ ಗಂಡ ತೀರಿಕೊಂಡ ದಿನ ಮುಂದಿನ ವಾರ ಬರುತ್ತದೆ. ಮನೆಯಲ್ಲಿ ಏನೇನು ಸಿದ್ಧ ಮಾಡಿಡಬೇಕು?’ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ನಮ್ಮ ಕರಾವಳಿಯ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಯಹೂದಿ ಕುಟುಂಬಕ್ಕೆ ಸೊಸೆಯಾಗಿ ಅಥವಾ ಅಳಿಯನಾಗಿ ಸೇರಿದವರೂ ಬೇರೆ ಮಾತುಗಳಲ್ಲಿ ಇದನ್ನೇ ಕೇಳುತ್ತಾರೆ: ಅತ್ತೆಯವರು ಯಾವುದೋ ಒಂದು ಸಂಜೆ ಲೋಟದಲ್ಲಿ ಮೇಣದ ದೀಪ ಹಚ್ಚಿಡುತ್ತಾರೆ, ಪ್ರತಿವರ್ಷ ದಿನಾಂಕ ಬದಲಾಗುತ್ತದೆ, ಆ ಹೊತ್ತಿನಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ಈ ಎರಡೂ ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ತೀರಿಕೊಂಡವರ ವಾರ್ಷಿಕ ಸ್ಮರಣೆಯ ದಿನವನ್ನು ಮಧ್ಯ ಮತ್ತು ಪೂರ್ವ ಯೂರೋಪಿನ ಮೂಲದ ಯಹೂದಿಗಳು, ಅಂದರೆ ಅಶ್ಕೆನಾಜಿಗಳು, ಯಿಡ್ಡಿಶ್ ಭಾಷೆಯಲ್ಲಿ ‘ಯಾರ್ಟ್ಸೈಟ್’ ಎನ್ನುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ‘ನಹಲಾ’, ‘ಮೆಲ್ದಾದೋ’ ಎಂಬ ಹೆಸರುಗಳಿವೆ. ಇಸ್ರೇಲಿನ ಮನೆಗಳಲ್ಲಿ ನಿಮ್ಮ ಕಿವಿಗೆ ಹೆಚ್ಚಾಗಿ ಬೀಳುವ ಹೀಬ್ರೂ ಪದ ‘ಅಜ್ಕರಾ’. ಸಮಾಧಿಯ ಬಳಿ ಮತ್ತು ಮನೆಯಲ್ಲಿ ನಡೆಯುವ ಸ್ಮರಣೆಯ ಕೂಟಕ್ಕೆ ಆ ಹೆಸರು. ಹೆಸರು ಯಾವುದೇ ಆದರೂ ಆಚರಣೆಯ ತಿರುಳು ಒಂದೇ. ಒಂದು ದೀಪ, ಒಂದು ಪ್ರಾರ್ಥನೆ, ಸ್ವಲ್ಪ ಅಧ್ಯಯನ, ಒಂದಿಷ್ಟು ದಾನ ಮತ್ತು ಸಾಧ್ಯವಾದರೆ ಸಮಾಧಿಯ ಭೇಟಿ.

ನಮ್ಮವರು ಇದನ್ನು ಶ್ರಾದ್ಧವೆಂದು ತಿಳಿದುಬಿಡುವುದುಂಟು. ತಿಥಿಯ ಲೆಕ್ಕದಲ್ಲಿ ಹೋಲಿಕೆಯಿದೆ ನಿಜ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಇಲ್ಲಿ ಪಿಂಡವಿಲ್ಲ, ಎಡೆಯಿಲ್ಲ, ಸತ್ತವರಿಗೆ ಆಹಾರ ಅರ್ಪಿಸುವ ಕಲ್ಪನೆಯೇ ಇಲ್ಲ. ಫೋಟೋಗೆ ಹಾರ ಹಾಕಿ ಊದುಬತ್ತಿ ಬೆಳಗುವ ಪದ್ಧತಿಯೂ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಇಂಥದ್ದನ್ನು ಮಾಡಹೋದರೆ ಧರ್ಮನಿಷ್ಠ ಮನೆಯವರಿಗೆ ನಿಜವಾದ ಕಸಿವಿಸಿಯಾಗುತ್ತದೆ.

ಹಂತ 1: ಆ ಮನೆಯ ರೂಢಿಯನ್ನು ಕೇಳಿ ತಿಳಿದುಕೊಳ್ಳಿ

ಯಾವ ಪುಸ್ತಕಕ್ಕಿಂತಲೂ ಮನೆಯ ರೂಢಿಯೇ ದೊಡ್ಡದು. ನೀವು ಮೊದಲು ತಿಳಿಯಬೇಕಾದದ್ದು ಎರಡು ಸಂಗತಿ. ಮೊದಲನೆಯದು ಕುಟುಂಬದ ಮೂಲ: ಅಶ್ಕೆನಾಜಿಯೋ, ಸೆಫಾರ್ದಿಯೋ, ಇರಾಕ್, ಯೆಮೆನ್, ಮೊರಾಕೊ ಕಡೆಯವರೋ? ಎರಡನೆಯದು ನಿಷ್ಠೆಯ ಪ್ರಮಾಣ: ಆರ್ಥೊಡಾಕ್ಸ್ (ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವವರು), ಕನ್ಸರ್ವೇಟಿವ್ (ನಡುದಾರಿಯವರು), ರಿಫಾರ್ಮ್ (ಸುಧಾರಣಾವಾದಿಗಳು), ಇಲ್ಲವೇ ದೇವರಲ್ಲಿ ನಂಬಿಕೆಯಿಲ್ಲದಿದ್ದರೂ ದೀಪ ಹಚ್ಚುವುದನ್ನು ಬಿಡದ ಮನೆಯೇ? ಈ ಕೊನೆಯ ಬಗೆಯ ಮನೆಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಹಿರಿಯರಿಗೆ ಮರೆವಿನ ಕಾಯಿಲೆಯಿದ್ದರೆ ಮಕ್ಕಳನ್ನೇ ಕೇಳಿ. ‘ಅಮ್ಮ ಈ ದಿನ ಉಪವಾಸ ಇರುತ್ತಿದ್ದರೇ? ದೀಪವನ್ನು ಯಾವ ಜಾಗದಲ್ಲಿ ಇಡುತ್ತಿದ್ದರು? ಸಿನಗಾಗಿಗೆ ಯಾರು ಹೋಗುತ್ತಾರೆ?’ ಎಂಬ ಮೂರು ಪ್ರಶ್ನೆಗಳು ಸಾಕು. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ.

ಈ ದಿನವನ್ನು ಮುಖ್ಯವಾಗಿ ಆಚರಿಸುವವರು ತೀರಿಕೊಂಡವರ ಮಕ್ಕಳು. ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಮಗುವನ್ನು ಕಳೆದುಕೊಂಡ ತಂದೆತಾಯಿಯರೂ ಆಚರಿಸುತ್ತಾರೆ. ನೀವು ಯಹೂದಿಗಳಲ್ಲದಿದ್ದರೆ ನಿಮ್ಮ ಪಾಲಿನ ಕೆಲಸ ಒದಗಿಸಿಕೊಡುವುದು, ನೆನಪಿಸುವುದು, ಜೊತೆಗಿರುವುದು. ಅವರ ಬದಲಿಗೆ ನೀವೇ ಆಚರಿಸಬೇಕಾಗಿಲ್ಲ.

ಹಂತ 2: ದಿನಾಂಕವನ್ನು ಸರಿಯಾಗಿ ಲೆಕ್ಕ ಹಾಕಿ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ. ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಯಾರ್ಟ್ಸೈಟ್ ನಡೆಯುವುದು ಹೀಬ್ರೂ ಪಂಚಾಂಗದ ಪ್ರಕಾರ. (ರಿಫಾರ್ಮ್ ಕುಟುಂಬಗಳಲ್ಲಿ ಕೆಲವರು ಇಂಗ್ಲಿಷ್ ಕ್ಯಾಲೆಂಡರಿನ ದಿನಾಂಕವನ್ನೇ ಹಿಡಿಯುತ್ತಾರೆ, ಹಂತ 1ರಲ್ಲಿ ಇದನ್ನೂ ಕೇಳಿಬಿಡಿ.) ಈ ಪಂಚಾಂಗ ನಮ್ಮ ಚಾಂದ್ರಮಾನದ ಹಾಗೆಯೇ ಚಂದ್ರನ ತಿಂಗಳುಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸುತ್ತದೆ, 19 ವರ್ಷಗಳಲ್ಲಿ 7 ಬಾರಿ ಒಂದು ಹೆಚ್ಚುವರಿ ತಿಂಗಳನ್ನು ಸೇರಿಸುತ್ತದೆ. ನಮ್ಮ ಅಧಿಕಮಾಸ ಬೇರೆ ಬೇರೆ ತಿಂಗಳಲ್ಲಿ ಬೀಳಬಹುದು, ಅವರದು ಯಾವಾಗಲೂ ‘ಅದಾರ್’ ತಿಂಗಳಲ್ಲೇ ಬರುತ್ತದೆ. ಇನ್ನೂ ಮುಖ್ಯವಾದ ವ್ಯತ್ಯಾಸವೆಂದರೆ ನಮಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಅವರಿಗೆ ಸೂರ್ಯಾಸ್ತಕ್ಕೆ.

ಈ ಸೂರ್ಯಾಸ್ತದ ನಿಯಮ ಎಷ್ಟು ಮುಖ್ಯವೆಂಬುದನ್ನು ಎಲ್ಲರಿಗೂ ಗೊತ್ತಿರುವ ಒಂದು ಸಾವಿನಿಂದಲೇ ನೋಡೋಣ. ಇಸ್ರೇಲಿನ ಪ್ರಧಾನಿ ಯಿತ್ಜಾಕ್ ರಾಬಿನ್ ಅವರ ಹತ್ಯೆ ನಡೆದದ್ದು 1995ರ ನವೆಂಬರ್ 4ರ ಶನಿವಾರ ರಾತ್ರಿ, ಟೆಲ್ ಅವೀವ್‌ನಲ್ಲಿ. ಅಂದು ಹಗಲು ಹೀಬ್ರೂ ಪಂಚಾಂಗದಲ್ಲಿ ಹೆಶ್ವಾನ್ ತಿಂಗಳ 11ನೇ ದಿನವಾಗಿತ್ತು. ಸೂರ್ಯ ಮುಳುಗಿದ ಕೂಡಲೇ 12ನೇ ದಿನ ಆರಂಭವಾಗಿತ್ತು. ಆದ್ದರಿಂದ ಅವರ ಸ್ಮರಣೆಯ ದಿನ 12ನೇ ಹೆಶ್ವಾನ್. ಆ ದಿನ 2024ರಲ್ಲಿ ನವೆಂಬರ್ 13ಕ್ಕೆ ಬಂತು, 2025ರಲ್ಲಿ ನವೆಂಬರ್ 3ಕ್ಕೆ ಬಂತು, 2026ರಲ್ಲಿ ಅಕ್ಟೋಬರ್ 23ರ ಶುಕ್ರವಾರಕ್ಕೆ ಬರುತ್ತದೆ. ದೀಪ ಹಚ್ಚುವುದು ಹಿಂದಿನ ಸಂಜೆ, ಅಂದರೆ 2026ರ ಲೆಕ್ಕದಲ್ಲಿ ಅಕ್ಟೋಬರ್ 22ರ ಗುರುವಾರ ಸೂರ್ಯಾಸ್ತಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ 23ಕ್ಕೆ ಗುರುತು ಹಾಕಿ, 23ರ ಸಂಜೆ ದೀಪ ಹಚ್ಚಹೋದರೆ ಆ ವೇಳೆಗೆ ದಿನವೇ ಮುಗಿದಿರುತ್ತದೆ. ಅಷ್ಟೇ ಅಲ್ಲ, ಶಬ್ಬಾತ್ ಕೂಡ ಹಿಡಿದಿರುತ್ತದೆ. ಶಬ್ಬಾತ್ ಎಂದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನ. ಆಗ ಬೆಂಕಿ ಹೊತ್ತಿಸುವಂತಿಲ್ಲ.

ದಿನಾಂಕ ಹುಡುಕುವ ಕ್ರಮ ಹೀಗಿರಲಿ:

ಮೊದಲು ಮರಣ ಪ್ರಮಾಣಪತ್ರದಿಂದ ದಿನಾಂಕ ಮತ್ತು ಗಂಟೆ ಎರಡನ್ನೂ ಬರೆದುಕೊಳ್ಳಿ. ಗಂಟೆ ನಮೂದಾಗಿಲ್ಲದಿದ್ದರೆ ಮನೆಯವರನ್ನು ಕೇಳಿ. ಆಮೇಲೆ ಸಾವು ಸಂಭವಿಸಿದ ಊರಿನಲ್ಲಿ ಅಂದು ಸೂರ್ಯ ಮುಳುಗಿದ್ದು ಎಷ್ಟು ಹೊತ್ತಿಗೆ ಎಂದು ನೋಡಿ. ನೀವು ಈಗಿರುವ ಊರಿನ ಸೂರ್ಯಾಸ್ತವನ್ನಲ್ಲ. ಹೆಬ್‌ಕಾಲ್‌ನಂಥ ದಿನಾಂಕ ಪರಿವರ್ತನೆಯ ಜಾಲತಾಣದಲ್ಲಿ ದಿನಾಂಕ ತುಂಬುವಾಗ ‘ಸೂರ್ಯಾಸ್ತದ ನಂತರ’ ಎಂಬ ಆಯ್ಕೆಯನ್ನು ಗುರುತು ಹಾಕಬೇಕೋ ಬೇಡವೋ ಎಂಬುದನ್ನು ಮರೆಯಬೇಡಿ. ಸೂರ್ಯ ಮುಳುಗಿ ನಕ್ಷತ್ರ ಕಾಣುವ ಮೊದಲಿನ ಮುಸ್ಸಂಜೆಯಲ್ಲಿ ಪ್ರಾಣ ಹೋಗಿದ್ದರೆ ತೀರ್ಮಾನವನ್ನು ರಬ್ಬಿಗೆ, ಅಂದರೆ ಅವರ ಧರ್ಮಗುರುಗಳಿಗೆ, ಬಿಡಿ.

ಪ್ರಮಾಣಪತ್ರ ಸಿಗದಿದ್ದರೆ ಸಮಾಧಿಯ ಕಲ್ಲು ಇದ್ದೇ ಇರುತ್ತದೆ. ಅದರ ಮೇಲೆ ಹೀಬ್ರೂ ದಿನಾಂಕವನ್ನು ಅಂಕಿಗಳ ಬದಲು ಅಕ್ಷರಗಳಲ್ಲಿ ಕೆತ್ತಿರುತ್ತಾರೆ, ಏಕೆಂದರೆ ಪ್ರತಿ ಹೀಬ್ರೂ ಅಕ್ಷರಕ್ಕೂ ಒಂದು ಸಂಖ್ಯಾಮೌಲ್ಯವಿದೆ. ‘ಯೋದ್’ ಎಂದರೆ 10, ‘ಬೇತ್’ ಎಂದರೆ 2, ಎರಡೂ ಜೊತೆಯಾದರೆ 12. ವರ್ಷವನ್ನು ಬರೆಯುವಾಗ ಸಾಮಾನ್ಯವಾಗಿ ಸಾವಿರದ ಸ್ಥಾನವನ್ನು ಬಿಡುತ್ತಾರೆ: ರಾಬಿನ್ ತೀರಿಕೊಂಡ ಹೀಬ್ರೂ ವರ್ಷ 5756, ಕಲ್ಲಿನ ಮೇಲೆ ಅದು ತಾವ್, ಶಿನ್, ನೂನ್, ವಾವ್ ಎಂಬ ನಾಲ್ಕು ಅಕ್ಷರ, ಅಂದರೆ 400, 300, 50, 6. ಒಂದು ಎಚ್ಚರಿಕೆ: 15 ಮತ್ತು 16ನ್ನು ಹತ್ತು-ಐದು, ಹತ್ತು-ಆರು ಎಂದು ಬರೆಯದೆ ಒಂಬತ್ತು-ಆರು, ಒಂಬತ್ತು-ಏಳು ಎಂದು ಬರೆಯುತ್ತಾರೆ, ಏಕೆಂದರೆ ಮೊದಲಿನ ಜೋಡಣೆಗಳು ದೇವರ ಹೆಸರಿನ ಅಕ್ಷರಗಳಾಗಿಬಿಡುತ್ತವೆ.

ಇನ್ನು ತೊಡಕಿನ ಸಂದರ್ಭಗಳು. ಸಾಮಾನ್ಯ ವರ್ಷದ ಅದಾರ್ ತಿಂಗಳಲ್ಲಿ ತೀರಿಕೊಂಡವರಿಗೆ, ಎರಡು ಅದಾರ್ ಇರುವ ಅಧಿಕ ವರ್ಷದಲ್ಲಿ ಯಾವ ಅದಾರ್ ಹಿಡಿಯಬೇಕು? ಅಶ್ಕೆನಾಜಿಗಳು ಸಾಮಾನ್ಯವಾಗಿ ಮೊದಲ ಅದಾರ್ ಹಿಡಿಯುತ್ತಾರೆ, ಕೆಲವರು ಎರಡರಲ್ಲೂ ಆಚರಿಸುತ್ತಾರೆ. ಸೆಫಾರ್ದಿಗಳು ಎರಡನೆಯದನ್ನು ಹಿಡಿಯುತ್ತಾರೆ. ಈ ಭಿನ್ನಾಭಿಪ್ರಾಯ 16ನೇ ಶತಮಾನದ ಇಬ್ಬರು ಧರ್ಮಶಾಸ್ತ್ರಜ್ಞರಷ್ಟು ಹಳೆಯದು. ಸಫೇದ್‌ನ ಯೋಸೆಫ್ ಕಾರೊ ಎರಡನೇ ಅದಾರ್ ಎಂದರು, ಪೋಲೆಂಡಿನ ಮೋಶೆ ಇಸ್ಸರ್ಲೆಸ್ ಮೊದಲನೆಯದು ಎಂದರು. ಅಧಿಕ ವರ್ಷದಲ್ಲೇ ತೀರಿಕೊಂಡಿದ್ದರೆ ಮುಂದಿನ ಅಧಿಕ ವರ್ಷಗಳಲ್ಲಿ ಆಯಾ ಅದಾರ್‌ನಲ್ಲೇ ಆಚರಣೆ. ಹೀಬ್ರೂ ವರ್ಷ 5787, ಅಂದರೆ 2026ರ ಸೆಪ್ಟೆಂಬರಿನಿಂದ 2027ರ ಶರತ್ಕಾಲದವರೆಗಿನದು, ಅಧಿಕ ವರ್ಷ. ಅದಾರ್‌ನ ಲೆಕ್ಕವಿರುವವರು ಈಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಹೆಶ್ವಾನ್ ಮತ್ತು ಕಿಸ್ಲೇವ್ ತಿಂಗಳುಗಳಿಗೆ ಕೆಲವು ವರ್ಷ 29 ದಿನ, ಕೆಲವು ವರ್ಷ 30 ದಿನ. ಆ ತಿಂಗಳ 30ರಂದು ತೀರಿಕೊಂಡವರ ವಿಷಯದಲ್ಲಿ ನೀವೇ ಲೆಕ್ಕ ಹಾಕದೆ ರಬ್ಬಿಯನ್ನೇ ಕೇಳಿ.

ಮೊದಲ ವರ್ಷಕ್ಕೆ ಮಾತ್ರ ಇನ್ನೂ ಒಂದು ಪ್ರಶ್ನೆಯಿದೆ. ಸಾವಿಗೂ ಹೂಳುವುದಕ್ಕೂ ಹಲವು ದಿನಗಳ ಅಂತರವಾಗಿದ್ದರೆ ಕೆಲವು ಸಮುದಾಯಗಳು ಮೊದಲ ಯಾರ್ಟ್ಸೈಟನ್ನು ಹೂಳಿದ ದಿನಾಂಕಕ್ಕೆ ಆಚರಿಸಿ, ಎರಡನೇ ವರ್ಷದಿಂದ ಸಾವಿನ ದಿನಾಂಕಕ್ಕೆ ಬರುತ್ತವೆ. ಅಧಿಕ ಮಾಸ ನಡುವೆ ಬಂದರೆ ಮೊದಲ ಯಾರ್ಟ್ಸೈಟ್ 13ನೇ ತಿಂಗಳಿಗೆ ಹೋಗುತ್ತದೆ, ಆದರೆ ತಂದೆತಾಯಿಗಾಗಿ ಹಿಡಿಯುವ ಶೋಕದ ಅವಧಿ 12 ತಿಂಗಳಿಗೇ ಮುಗಿದಿರುತ್ತದೆ.

ದಿನಾಂಕವೇ ಗೊತ್ತಿಲ್ಲದಿದ್ದರೆ? ಹಿಟ್ಲರನ ಕಾಲದ ನರಮೇಧದಲ್ಲಿ ಬಂಧುಗಳನ್ನು ಕಳೆದುಕೊಂಡ ಸಾವಿರಾರು ಕುಟುಂಬಗಳಿಗೆ ಇದು ಬರಿಯ ಊಹೆಯ ಪ್ರಶ್ನೆಯಲ್ಲ, ದಿನನಿತ್ಯದ ಸತ್ಯ. ಇಸ್ರೇಲಿನ ಮುಖ್ಯ ರಬ್ಬಿಗಳ ಪೀಠವು ಟೆವೆಟ್ ತಿಂಗಳ 10ನೇ ದಿನವನ್ನು, ಸತ್ತ ದಿನ ತಿಳಿಯದ ಎಲ್ಲರಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಪಡಿಸಿದೆ. ನೀವು ನೋಡಿಕೊಳ್ಳುವ ಹಿರಿಯರು ಆ ದಿನ ಯಾರ ಹೆಸರನ್ನೂ ಹೇಳದೆ ದೀಪ ಹಚ್ಚಿದರೆ ‘ಯಾರಿಗಾಗಿ’ ಎಂದು ಕೆದಕಬೇಡಿ.

ಹಂತ 3: ಹಿಂದಿನ ವಾರ ಮಾಡಿಟ್ಟುಕೊಳ್ಳಬೇಕಾದದ್ದು

24 ಗಂಟೆ ಉರಿಯುವ ಸ್ಮರಣೆಯ ಮೇಣದ ದೀಪವೊಂದನ್ನು ಕೊಳ್ಳಿ. ಇಸ್ರೇಲಿನ ಅಂಗಡಿಗಳಲ್ಲಿ ಅದರ ಹೆಸರು ‘ನೇರ್ ನೆಶಮಾ’, ಎಂದರೆ ಆತ್ಮದ ದೀಪ. ಚಿಕ್ಕ ತಗಡಿನ ಡಬ್ಬಿಯಲ್ಲಿ ಬಿಳಿ ಮೇಣ ತುಂಬಿರುತ್ತದೆ. ಅಮೆರಿಕದಲ್ಲಿ ಸೂಪರ್‌ಮಾರ್ಕೆಟ್‌ನ ಕೋಶರ್ ವಿಭಾಗದಲ್ಲಿ (ಕೋಶರ್ ಎಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು) ಗಾಜಿನ ಲೋಟದಲ್ಲಿ ಸಿಗುತ್ತದೆ. ಚೀಟಿ ಓದದೆ ತೆಗೆದುಕೊಳ್ಳಬೇಡಿ. ಸಾವಿನ ಮೊದಲ ವಾರಕ್ಕಾಗಿ ಮಾಡಿದ 7 ದಿನಗಳ ದೀಪವೂ ಅದೇ ಕಪಾಟಿನಲ್ಲಿರುತ್ತದೆ, ಹಬ್ಬಕ್ಕಾಗಿ ಮಾಡಿದ ಎರಡು ಮೂರು ದಿನಗಳದ್ದೂ ಇರುತ್ತದೆ.

ಸಿನಗಾಗಿನ ‘ಗಬ್ಬಾಯ್’ಗೆ, ಎಂದರೆ ಪ್ರಾರ್ಥನೆಯ ಏರ್ಪಾಡು ನೋಡಿಕೊಳ್ಳುವವರಿಗೆ, ಫೋನ್ ಮಾಡಿ ಮನೆಯವರು ಬರುವ ವಿಚಾರ ತಿಳಿಸಿ. ತೀರಿಕೊಂಡವರ ಹೀಬ್ರೂ ಹೆಸರು ಬೇಕಾಗುತ್ತದೆ: ‘ಇಂಥವರ ಮಗ’ ಎನ್ನಲು ‘ಬೆನ್’, ‘ಇಂಥವರ ಮಗಳು’ ಎನ್ನಲು ‘ಬತ್’. ಅಶ್ಕೆನಾಜಿಗಳು ಇಲ್ಲಿ ತಂದೆಯ ಹೆಸರು ಹೇಳುತ್ತಾರೆ; ಸೆಫಾರ್ದಿಗಳ ಸ್ಮರಣೆಯ ಪ್ರಾರ್ಥನೆಯಲ್ಲಿ ತಾಯಿಯ ಹೆಸರು ಹೇಳುವ ರೂಢಿ ವ್ಯಾಪಕವಾಗಿದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟರೆ ತೊಂದರೆಯಿಲ್ಲ.

ಹಂತ 4: ದೀಪ ಹಚ್ಚುವುದು

ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ದೀಪ ಹಚ್ಚಿ, ಮರುದಿನದ ಸೂರ್ಯಾಸ್ತದವರೆಗೂ ಉರಿಯಲು ಬಿಡುತ್ತಾರೆ. ಇದಕ್ಕೆ ಕಡ್ಡಾಯವಾದ ಮಂತ್ರವಾಗಲಿ ಆಶೀರ್ವಚನವಾಗಲಿ ಇಲ್ಲ. ಕೆಲವರು ಒಂದು ಕೀರ್ತನೆ ಓದುತ್ತಾರೆ, ಕೆಲವರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಮನುಷ್ಯನ ಆತ್ಮವು ದೇವರ ದೀಪ ಎಂಬ ಬೈಬಲಿನ ‘ಜ್ಞಾನೋಕ್ತಿಗಳು’ ಪುಸ್ತಕದ ಮಾತು (20:27) ಈ ಪದ್ಧತಿಗೆ ಆಧಾರವೆಂದು ಹೇಳುತ್ತಾರೆ. ಕಡ್ಡಿ ಗೀರುವ ಕೆಲಸವನ್ನು ಹಿರಿಯರ ಕೈಯಿಂದಲೇ ಮಾಡಿಸಿ. ಕೈ ನಡುಗುತ್ತಿದ್ದರೆ ಉದ್ದ ಮೂತಿಯ ಗ್ಯಾಸ್ ಲೈಟರ್ ಹಿಡಿಸಿ ಅವರ ಮುಂಗೈಗೆ ಆಸರೆ ಕೊಟ್ಟರೆ ಸಾಕು.

ಇಡೀ ರಾತ್ರಿ ಯಾರೂ ನೋಡದೆ ಉರಿಯುವ ಬೆಂಕಿ ಇದು ಎಂಬುದು ನೆನಪಿರಲಿ. ಮೇಣ ತಳಕ್ಕಿಳಿಯುವ ಹೊತ್ತಿಗೆ ಲೋಟವೂ ಡಬ್ಬಿಯೂ ಚೆನ್ನಾಗಿ ಕಾದಿರುತ್ತವೆ. ಗಾಜು ಬಿರುಕು ಬಿಡುವುದೂ ಉಂಟು. ಆದ್ದರಿಂದ ಅದನ್ನು ಪ್ಲಾಸ್ಟಿಕ್ ಮೇಜುಹಾಸಿನ ಮೇಲೆ ಇಡಬೇಡಿ. ಪಿಂಗಾಣಿ ತಟ್ಟೆ ಅಥವಾ ಲೋಹದ ತಟ್ಟೆಯಲ್ಲಿಟ್ಟು ಕಲ್ಲಿನ ಕಟ್ಟೆಯ ಮೇಲೋ ಖಾಲಿ ಸಿಂಕಿನೊಳಗೋ ಇಡಿ. ಪರದೆ, ಫ್ಯಾನು, ಎಸಿಯ ಗಾಳಿ, ಬೆಕ್ಕು, ಮೊಮ್ಮಕ್ಕಳು, ಇವೆಲ್ಲವೂ ದೂರವಿರಲಿ. ಮನೆಯಲ್ಲಿ ಯಾರಿಗಾದರೂ ಆಮ್ಲಜನಕ ಕೊಡುತ್ತಿದ್ದರೆ ಬೆಂಕಿಯ ದೀಪ ಬೇಡವೇ ಬೇಡ. ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿಯೂ ಬಳಸುವ, ಇದಕ್ಕೆಂದೇ ಮಾಡಿದ ವಿದ್ಯುತ್ ದೀಪಗಳು ಸಿಗುತ್ತವೆ. ಅಂಥ ಪರಿಸ್ಥಿತಿಯಲ್ಲಿ ಅವನ್ನು ಬಳಸಲು ರಬ್ಬಿಗಳ ಒಪ್ಪಿಗೆಯೂ ಇದೆ. ಈ ಒಂದು ವಿಷಯದಲ್ಲಿ ಮಾತ್ರ ಮನೆಯ ರೂಢಿಗೆ ಮಣಿಯದೆ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.

ವಾರದ ದಿನಗಳ ಲೆಕ್ಕ ಹೀಗೆ. ಯಾರ್ಟ್ಸೈಟ್ ಶನಿವಾರಕ್ಕೆ ಬಂದರೆ, ಶುಕ್ರವಾರ ಸಂಜೆ ಶಬ್ಬಾತ್ ದೀಪಗಳನ್ನು ಹಚ್ಚುವ ಮೊದಲೇ ಇದನ್ನು ಹಚ್ಚಬೇಕು. ಆ ವೇಳೆ ಬಹಳ ಕಡೆ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ, ಜೆರುಸಲೇಮಿನಲ್ಲಿ 40 ನಿಮಿಷ ಮುಂಚೆ. ಭಾನುವಾರಕ್ಕೆ ಬಂದರೆ, ಶನಿವಾರ ರಾತ್ರಿ ಶಬ್ಬಾತ್ ಪೂರ್ತಿ ಮುಗಿದು ನಕ್ಷತ್ರಗಳು ಕಂಡ ನಂತರವೇ ಹಚ್ಚಬೇಕು. ಹಬ್ಬದ ದಿನಗಳಲ್ಲಿ ಹೊಸದಾಗಿ ಕಡ್ಡಿ ಗೀರುವಂತಿಲ್ಲ, ಆದರೆ ಮೊದಲೇ ಉರಿಯುತ್ತಿರುವ ಜ್ವಾಲೆಯಿಂದ ಹಚ್ಚಬಹುದು. ಅದಕ್ಕಾಗಿ ಹಬ್ಬ ಹಿಡಿಯುವ ಮೊದಲೇ ಒಂದು ದೊಡ್ಡ ದೀಪ ಉರಿಯುತ್ತಿರಬೇಕು.

ದೀಪವನ್ನು ಊದಿ ಆರಿಸಬಾರದು. ಲೆಕ್ಕದ ಹೊತ್ತು ಮೀರಿ ಉರಿದರೂ ತಾನಾಗಿ ಆರಲಿ. ನಡುವೆ ಆರಿಹೋದರೆ ಅಪಶಕುನವೇನೂ ಅಲ್ಲ, ಸಾಮಾನ್ಯ ದಿನವಾದರೆ ಮತ್ತೆ ಹಚ್ಚಬಹುದು. ಶಬ್ಬಾತ್‌ನಲ್ಲಿ ಆರಿದರೆ ಹಾಗೆಯೇ ಬಿಡಿ. ‘ನಾನು ಯಹೂದಿಯಲ್ಲ, ನಾನು ಹಚ್ಚಿದರೆ ತಪ್ಪೇನು’ ಎಂದು ಮುಂದಾಗಬೇಡಿ, ಏಕೆಂದರೆ ತಮಗಾಗಿ ಬೇರೊಬ್ಬರಿಂದ ಶಬ್ಬಾತ್‌ನ ಕೆಲಸ ಮಾಡಿಸಿಕೊಳ್ಳುವುದರ ಬಗ್ಗೆಯೂ ಅವರಲ್ಲಿ ನಿಯಮಗಳಿವೆ. ಸಂಜೆ ಮರೆತುಹೋಗಿ ಮರುದಿನ ಬೆಳಗ್ಗೆ ನೆನಪಾದರೆ ಆಗ ಹಚ್ಚಿದರೂ ನಡೆಯುತ್ತದೆ.

ಹಂತ 5: ಕದ್ದೀಶ್

ಕದ್ದೀಶ್ ಎಂಬುದು ಅರಾಮಿಕ್ ಭಾಷೆಯ ಹಳೆಯ ಪ್ರಾರ್ಥನೆ. ‘ಯಿತ್‌ಗದ್ದಲ್ ವೆಯಿತ್‌ಕದ್ದಶ್’ ಎಂದು ಆರಂಭವಾಗುತ್ತದೆ. ದೇವರ ಹೆಸರು ದೊಡ್ಡದಾಗಲಿ, ಪವಿತ್ರವೆನಿಸಲಿ ಎಂಬುದು ಅರ್ಥ. ಸತ್ತವರಿಗಾಗಿ ಹೇಳುವ ಈ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ. ಸತ್ತವರ ಹೆಸರನ್ನು ಹೇಳುವುದು ‘ಎಲ್ ಮಾಲೆ ರಹಮೀಮ್’ ಎಂಬ ಬೇರೊಂದು ಪ್ರಾರ್ಥನೆಯಲ್ಲಿ.

ಕದ್ದೀಶ್ ಹೇಳಲು ‘ಮಿನ್ಯಾನ್’ ಇರಲೇಬೇಕು. ಎಂದರೆ ವಯಸ್ಕರಾದ ಹತ್ತು ಮಂದಿ ಯಹೂದಿಗಳ ಕೂಟ. ಆರ್ಥೊಡಾಕ್ಸ್ ಸಿನಗಾಗಿನಲ್ಲಿ 13 ದಾಟಿದ ಗಂಡಸರನ್ನು ಮಾತ್ರ ಎಣಿಸುತ್ತಾರೆ, ರಿಫಾರ್ಮ್ ಮತ್ತು ಬಹುತೇಕ ಕನ್ಸರ್ವೇಟಿವ್ ಸಿನಗಾಗುಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಸಂಜೆಯ ‘ಮಾರೀವ್’, ಬೆಳಗಿನ ‘ಶಹರೀತ್’, ಮಧ್ಯಾಹ್ನದ ‘ಮಿನ್ಹಾ’ ಎಂಬ ಮೂರು ಪ್ರಾರ್ಥನೆಗಳಲ್ಲೂ ಕದ್ದೀಶ್ ಹೇಳುತ್ತಾರೆ. ದಿನ ಸಂಜೆಯಿಂದ ಶುರುವಾಗುವುದರಿಂದ ಕ್ರಮ ಇದೇ: ಮೊದಲು ಮಾರೀವ್. ಬೆಳಗಿನ ಪ್ರಾರ್ಥನೆಗೆ ಮಾತ್ರ ಹೋಗಿ ಮುಗಿಯಿತೆಂದುಕೊಳ್ಳುವವರು ಬಹಳ.

ಹಿರಿಯರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುವುದಿದ್ದರೆ ಮೆಟ್ಟಿಲುಗಳಿಲ್ಲದ ಬಾಗಿಲು ಯಾವುದೆಂದು ಗಬ್ಬಾಯ್ ಅವರನ್ನು ಮೊದಲೇ ಕೇಳಿ. ಒಳಗೆ ಗಂಡಸರು ತಲೆಗೆ ಟೋಪಿ ಹಾಕಬೇಕು. ಬಾಗಿಲ ಬಳಿ ಇಟ್ಟಿರುತ್ತಾರೆ. ಆರ್ಥೊಡಾಕ್ಸ್ ಸಿನಗಾಗಿನಲ್ಲಿ ಹೆಂಗಸರ ಆಸನಗಳು ಬೇರೆ. ಕದ್ದೀಶ್ ಹೇಳುವವರು ನಿಂತಾಗ ನೀವೂ ಎದ್ದು ನಿಲ್ಲಬಹುದು, ಉಳಿದವರು ‘ಆಮೆನ್’ ಎಂದಾಗ ಆಮೆನ್ ಎನ್ನಬಹುದು. ಆದರೆ ಒಂಬತ್ತು ಜನ ಸೇರಿ ಹತ್ತನೆಯವರಿಗಾಗಿ ಕಾಯುತ್ತಿದ್ದರೆ ಯಹೂದಿಯಲ್ಲದ ನಿಮ್ಮಿಂದ ಆ ಲೆಕ್ಕ ತುಂಬುವುದಿಲ್ಲ.

ಬಹಳಷ್ಟು ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಸಿನಗಾಗುಗಳು ಆ ವಾರದ ಯಾರ್ಟ್ಸೈಟ್ ಹೆಸರುಗಳನ್ನೆಲ್ಲ ಶಬ್ಬಾತ್ ಪ್ರಾರ್ಥನೆಯಲ್ಲಿ ಓದುತ್ತವೆ. ಗೋಡೆಯ ಮೇಲಿನ ಹಿತ್ತಾಳೆಯ ಫಲಕಗಳಲ್ಲಿ ಹೆಸರಿನ ಪಕ್ಕದ ಪುಟ್ಟ ಬಲ್ಬ್ ಆ ವಾರ ಬೆಳಗುವುದನ್ನೂ ನೋಡಬಹುದು. ಟೋರಾ, ಎಂದರೆ ಮೋಶೆಯ ಐದು ಗ್ರಂಥಗಳ ಸುರುಳಿ, ಓದುವ ಸೋಮವಾರ, ಗುರುವಾರ ಅಥವಾ ಶನಿವಾರಕ್ಕೆ ದಿನ ಬಿದ್ದರೆ ಮಗನನ್ನು ವೇದಿಕೆಗೆ ಕರೆಯುತ್ತಾರೆ. ಇಲ್ಲವಾದರೆ ಹಿಂದಿನ ಶಬ್ಬಾತ್‌ನಲ್ಲೇ ಕರೆಯುವ ರೂಢಿಯಿದೆ.

ಮಿನ್ಯಾನ್ ಸಿಗದ ಊರಿನಲ್ಲಿದ್ದರೆ ಕದ್ದೀಶ್ ಬಿಟ್ಟುಹೋಗುತ್ತದೆ, ಉಳಿದದ್ದನ್ನೆಲ್ಲ ಮಾಡಬಹುದು.

ಹಂತ 6: ಓದು ಮತ್ತು ದಾನ

ನಿಷ್ಠಾವಂತರು ಈ ದಿನ ಮಿಶ್ನಾ ಓದುತ್ತಾರೆ. ಮಿಶ್ನಾ ಎಂದರೆ ಸುಮಾರು ಕ್ರಿಸ್ತಶಕ 200ರ ವೇಳೆಗೆ ಸಂಕಲಿತವಾದ ಯಹೂದಿ ಧರ್ಮಶಾಸ್ತ್ರ. ಸತ್ತವರ ಹೆಸರಿನ ಒಂದೊಂದು ಅಕ್ಷರಕ್ಕೂ ಆ ಅಕ್ಷರದಿಂದ ಆರಂಭವಾಗುವ ಒಂದೊಂದು ಭಾಗವನ್ನು ಆರಿಸುತ್ತಾರೆ. ಮನೆಯಲ್ಲೇ ಇರುವ ಹಿರಿಯರಿಗೆ ಕೀರ್ತನೆಗಳು ಸುಲಭ. ಕರಾವಳಿಯ ಕ್ರೈಸ್ತ ಓದುಗರಿಗೆ ಪರಿಚಿತವಾದ 119ನೇ ಕೀರ್ತನೆಯಲ್ಲಿ 176 ವಚನಗಳಿವೆ. ಹೀಬ್ರೂ ಮೂಲದಲ್ಲಿ ಅವು 22 ಅಕ್ಷರಗಳಿಗೆ ಎಂಟೆಂಟರಂತೆ ಹಂಚಿಹೋಗಿವೆ. ತೀರಿಕೊಂಡವರ ಹೆಸರು ರೂತ್ ಎಂದಿಟ್ಟುಕೊಳ್ಳಿ. ಹೀಬ್ರೂವಿನಲ್ಲಿ ಅದು ರೇಶ್, ವಾವ್, ತಾವ್ ಎಂಬ ಮೂರು ಅಕ್ಷರ. ಆ ಮೂರು ಗುಂಪುಗಳ 24 ವಚನಗಳನ್ನು ಓದಿದರೆ ಹೆಸರಿನ ಓದು ಮುಗಿಯಿತು. ಪುಟಗಳಿಗೆ ಮೊದಲೇ ಚೀಟಿ ಸಿಕ್ಕಿಸಿ, ಕನ್ನಡಕ ಹುಡುಕಿಟ್ಟು, ಬೆಳಕು ಸರಿಮಾಡಿಕೊಡುವುದು ನಿಮ್ಮ ಕೆಲಸ. ಪ್ರಾರ್ಥನೆಯ ಪುಸ್ತಕವನ್ನು ನೆಲದ ಮೇಲೆ ಇಡಬೇಡಿ.

ದಾನಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. 18, 36, 54 ಹೀಗೆ 18ರ ಗುಣಕಗಳಲ್ಲಿ ಕೊಡುವುದು ವಾಡಿಕೆ. ‘ಜೀವ’ ಎಂಬ ಪದದ ಅಕ್ಷರಗಳ ಮೊತ್ತ 18 ಆಗುತ್ತದೆ. ಅತ್ತೆಮನೆಯವರಿಗೆ ಹೂಗುಚ್ಛ ಕಳಿಸುವ ಬದಲು ತೀರಿಕೊಂಡವರ ಹೆಸರಿನಲ್ಲಿ ಅವರಿಗೆ ಇಷ್ಟವಾಗುತ್ತಿದ್ದ ಸಂಸ್ಥೆಗೆ ಇಷ್ಟು ಹಣ ಕಳಿಸಿ ಎಂಬುದು ನನ್ನ ಖಚಿತ ಸಲಹೆ.

ಹಂತ 7: ಸಮಾಧಿಯ ಭೇಟಿ

ಶಬ್ಬಾತ್ ಮತ್ತು ಹಬ್ಬಗಳಂದು ಸ್ಮಶಾನಕ್ಕೆ ಹೋಗುವುದಿಲ್ಲ. ಅಂಥ ದಿನ ಬಂದರೆ ಹಿಂದೆಯೋ ಮುಂದೆಯೋ ಹೋಗುತ್ತಾರೆ. ಇಸ್ರೇಲಿನ ದೊಡ್ಡ ಸ್ಮಶಾನಗಳು ಒಂದೊಂದು ಊರಿನಷ್ಟಿರುವುದರಿಂದ ವಿಭಾಗ, ಸಾಲು, ಸಮಾಧಿಯ ಸಂಖ್ಯೆಗಳನ್ನು ಬರೆದುಕೊಳ್ಳದೆ ಹೊರಡಬೇಡಿ. ಜೆರುಸಲೇಮಿನ ಹರ್ ಹಮೆನುಹೋತ್ ಎಂಬ ಸ್ಮಶಾನ ಬೆಟ್ಟದ ಇಳಿಜಾರಿನಲ್ಲಿದೆ. ಗಾಲಿಕುರ್ಚಿಯಿದ್ದರೆ ಮೆಟ್ಟಿಲುಗಳ ವಿಚಾರ ಮೊದಲೇ ತಿಳಿಯಿರಿ. ಬೇಸಿಗೆಯಾದರೆ ಬೆಳಗ್ಗೆಯೇ ಹೋಗಿ. ನೀರು ಜೊತೆಗಿರಲಿ, ಆದರೆ ಸಮಾಧಿಗಳ ನಡುವೆ ನಿಂತು ತಿನ್ನುವುದು, ಕುಡಿಯುವುದು ಸಲ್ಲದು. ಹಿರಿಯರಿಗೆ ಮಾತ್ರೆ ಕೊಡಬೇಕಾದರೆ ಗೇಟಿನ ಬಳಿ ಕೊಡಿ.

ಕಲ್ಲಿನ ತುದಿಯಲ್ಲಿ ಪೇ, ನೂನ್ ಎಂಬ ಎರಡು ಅಕ್ಷರಗಳಿರುತ್ತವೆ. ‘ಇಲ್ಲಿ ಹೂಳಲಾಗಿದೆ’ ಎಂಬುದರ ಸಂಕ್ಷೇಪ ಅದು. ತಳದ ಐದು ಅಕ್ಷರಗಳು ಅವರ ಪ್ರಾಣವು ಜೀವದ ಗಂಟಿನಲ್ಲಿ ಸೇರಿರಲಿ ಎಂಬ ಬೈಬಲಿನ ಮಾತನ್ನು ಸೂಚಿಸುತ್ತವೆ. ಅಲ್ಲಿ ಕೀರ್ತನೆ ಓದಿ, ಮಿನ್ಯಾನ್ ಇದ್ದರೆ ಕದ್ದೀಶ್ ಹೇಳಿ, ಹೊರಡುವಾಗ ಕಲ್ಲಿನ ಮೇಲೆ ಒಂದು ಸಣ್ಣ ಬೆಣಚುಕಲ್ಲು ಇಡುತ್ತಾರೆ. ಬೇರೆಯವರು ಇಟ್ಟ ಕಲ್ಲುಗಳನ್ನು ಕಸವೆಂದು ಗುಡಿಸಿ ತೆಗೆಯಬೇಡಿ. ಒಣಗಿದ ಎಲೆ, ಧೂಳು ಒರೆಸಿದರೆ ಸಾಕು. ಹೂವಿನ ವಿಷಯದಲ್ಲಿ ಒಂದೇ ನಿಯಮವಿಲ್ಲ. ಧರ್ಮನಿಷ್ಠರು ಹೂ ತರುವುದಿಲ್ಲ, ಉಳಿದ ಇಸ್ರೇಲಿಗಳು ಧಾರಾಳವಾಗಿ ತರುತ್ತಾರೆ. ಹಲವು ಸಮಾಧಿಗಳಲ್ಲಿ ದೀಪವಿಡಲು ಚಿಕ್ಕ ಗೂಡೇ ಇರುತ್ತದೆ.

ಮನೆಯವರಲ್ಲಿ ಒಬ್ಬರು ದೂರದಲ್ಲೇ, ಹಾದಿಯ ಮೇಲೆಯೇ ನಿಂತುಬಿಟ್ಟರೆ ಒಳಗೆ ಬರುವಂತೆ ಒತ್ತಾಯಿಸಬೇಡಿ. ಪುರೋಹಿತ ವಂಶಸ್ಥರಾದ ‘ಕೊಹೆನ್’ಗಳು ಸಮಾಧಿಗಳ ಹತ್ತಿರ ಹೋಗುವಂತಿಲ್ಲ. ಹೊರಗೆ ಬಂದಮೇಲೆ ಎಲ್ಲರೂ ಕೈ ತೊಳೆಯಬೇಕು. ಗೇಟಿನ ಬಳಿ ಅದಕ್ಕೆಂದೇ ನಲ್ಲಿ, ಎರಡು ಹಿಡಿಯ ಚೊಂಬು ಇರುತ್ತವೆ.

ಹಂತ 8: ಉಪವಾಸ, ತಿಂಡಿ, ಮಾತು

ಹಳೆಯ ಅಶ್ಕೆನಾಜಿ ಪದ್ಧತಿಯಲ್ಲಿ ತಂದೆತಾಯಿಯ ಯಾರ್ಟ್ಸೈಟಿಗೆ ಹಗಲು ಉಪವಾಸವಿತ್ತು. ಈಗ ಪಾಲಿಸುವವರು ಕಡಿಮೆ. ಮಧುಮೇಹದ ಮಾತ್ರೆ ನುಂಗುವ ಹಿರಿಯರು ಹಟ ಹಿಡಿದರೆ ವೈದ್ಯರಿಗೂ ರಬ್ಬಿಗೂ ಫೋನ್ ಮಾಡಿಸಿ. ಆರೋಗ್ಯ ಮುಖ್ಯ ಎಂದೇ ರಬ್ಬಿ ಹೇಳುತ್ತಾರೆ. ಹಸೀದಿ ಪಂಥದವರು ಉಪವಾಸದ ಬದಲು ಸಿನಗಾಗಿನಲ್ಲಿ ಕೇಕು, ಒಂದಿಷ್ಟು ಮದ್ಯ ಹಂಚುತ್ತಾರೆ. ಇದಕ್ಕೆ ‘ತಿಕ್ಕುನ್’ ಎಂಬ ಹೆಸರು. ಸೆಫಾರ್ದಿ ಮನೆಗಳ ಅಜ್ಕರಾದಲ್ಲಂತೂ ತಟ್ಟೆಗಳ ಸಾಲೇ ಇರುತ್ತದೆ. ಬೇಯಿಸಿದ ಹಿಟ್ಟಿನ ತಿಂಡಿ, ಖರ್ಜೂರದಂಥ ಮರದ ಹಣ್ಣು, ಸೌತೆಕಾಯಿಯಂಥ ನೆಲದ ಬೆಳೆ, ಪಾನೀಯ, ಪರಿಮಳದ ಸೊಪ್ಪು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ತುತಿವಾಕ್ಯವಿದೆ; ಬಂದವರು ಅವನ್ನು ಹೇಳಿ ತಿಂದರೆ ತೀರಿಕೊಂಡವರ ಪುಣ್ಯಕ್ಕೆ ಸೇರುತ್ತದೆಂಬ ನಂಬಿಕೆ. ಒಂದೊಂದು ಬಗೆಯನ್ನೂ ಬೇರೆ ತಟ್ಟೆಯಲ್ಲಿ ಜೋಡಿಸಿ.

ನೀವಾಗಿ ಅಡುಗೆ ಮಾಡಿ ತರಬೇಡಿ. ಕೋಶರ್ ಮನೆಯಲ್ಲಿ ಮಾಂಸವನ್ನೂ ಹಾಲನ್ನೂ ಬೆರೆಸುವುದಿಲ್ಲ, ಪಾತ್ರೆಗಳೂ ಬೇರೆ. ನಿಮ್ಮ ಪ್ರೀತಿಯ ಶ್ಯಾವಿಗೆ ಪಾಯಸ ಅಲ್ಲಿ ಇಕ್ಕಟ್ಟಿಗೆ ಕಾರಣವಾಗುತ್ತದೆ. ಕತ್ತರಿಸದ ಹಣ್ಣು ಅಥವಾ ಕೋಶರ್ ಮುದ್ರೆಯಿರುವ ಬಿಚ್ಚದ ಪೊಟ್ಟಣ ಸಾಕು. ಯಹೂದಿಗಳ ಪಾಸ್ಕ (ಪಾಸೋವರ್) ಹಬ್ಬದ ವಾರವಾದರೆ ಕೇಕು, ಬಿಸ್ಕತ್ತು ಯಾವುದೂ ಬೇಡ, ಏಕೆಂದರೆ ಹುದುಗಿದ ಹಿಟ್ಟಿನದ್ದು ಆಗ ಮನೆಯೊಳಗೇ ಬರುವಂತಿಲ್ಲ.

ಮಾತಿನ ವಿಷಯ: ತೀರಿಕೊಂಡವರ ಹೆಸರಿನ ನಂತರ ಗಂಡಸಾದರೆ ‘ಜಿಹ್ರೊನೊ ಲಿವ್ರಹಾ’, ಹೆಂಗಸಾದರೆ ‘ಜಿಹ್ರೊನಾ ಲಿವ್ರಹಾ’ ಎಂದು ಸೇರಿಸುತ್ತಾರೆ, ಅವರ ನೆನಪು ಆಶೀರ್ವಾದವಾಗಲಿ ಎಂದರ್ಥ. ಇಂಗ್ಲೆಂಡಿನ ಯಹೂದಿಗಳು ನಿಮಗೆ ದೀರ್ಘಾಯುಸ್ಸು ಇರಲಿ ಎಂದು ಪರಸ್ಪರ ಹಾರೈಸುತ್ತಾರೆ. ಸಾವಿನ ಮೊದಲ ವಾರದ ಸಾಂತ್ವನದ ವಾಕ್ಯವನ್ನು ಇಲ್ಲಿ ಹೇಳಬೇಡಿ. ಅದೇನೂ ಬಾಯಿಗೆ ಬರದಿದ್ದರೆ ‘ಅವರು ಹೇಗಿದ್ದರು, ಹೇಳಿ’ ಎಂದು ಕೇಳಿ. ಹೆಚ್ಚಿನವರು ಹೇಳಲು ಕಾದಿರುತ್ತಾರೆ.

ದಿನ ಮುಗಿದ ಮೇಲೆ

ಮೇಣ ಮುಗಿದ ಡಬ್ಬಿಯನ್ನು ಎಸೆಯಬಹುದು. ಗಾಜಿನ ಲೋಟವನ್ನು ತೊಳೆದು ಬಳಸುವ ಮನೆಗಳೂ ಇವೆ, ಬೇಡವೆನ್ನುವವರೂ ಇದ್ದಾರೆ. ಮುಂದಿನ ವರ್ಷದ ದಿನಾಂಕವನ್ನು ಅಂದೇ ಹುಡುಕಿ, ದೀಪ ಹಚ್ಚುವ ಸಂಜೆಯ ತಾರೀಖಿನಲ್ಲಿ ಬರೆದಿಡಿ.

ವರ್ಷದಲ್ಲಿ ಇನ್ನೂ ನಾಲ್ಕು ಸಂಜೆ ಇದೇ ಬಗೆಯ ದೀಪ ಬೇಕಾಗುತ್ತದೆ. ‘ಯಿಜ್ಕೋರ್’ ಎಂಬ ಸಾಮೂಹಿಕ ಸ್ಮರಣೆ ಯೋಮ್ ಕಿಪ್ಪೂರ್ (ಪ್ರಾಯಶ್ಚಿತ್ತದ ದಿನ), ಶೆಮಿನಿ ಅತ್ಸೆರೆತ್ (ಶರತ್ಕಾಲದ ಪರ್ಣಶಾಲೆಗಳ ಹಬ್ಬದ ಬೆನ್ನಿಗೇ ಬರುವ ದಿನ), ಪಾಸ್ಕದ ಕೊನೆಯ ದಿನ ಮತ್ತು ಶಾವುಓತ್ (ವಾರಗಳ ಹಬ್ಬ) ಹಬ್ಬಗಳಲ್ಲಿ ನಡೆಯುತ್ತದೆ. ಶಾವುಓತ್ ಇಸ್ರೇಲಿನಲ್ಲಿ ಒಂದೇ ದಿನ, ಹೊರದೇಶಗಳಲ್ಲಿ ಸಾಮಾನ್ಯವಾಗಿ ಎರಡು ದಿನ, ಅಲ್ಲಿ ಯಿಜ್ಕೋರ್ ಎರಡನೇ ದಿನ. ಅಶ್ಕೆನಾಜಿ ಸಿನಗಾಗುಗಳಲ್ಲಿ ತಂದೆತಾಯಿ ಬದುಕಿರುವವರು ಯಿಜ್ಕೋರ್ ಹೊತ್ತಿಗೆ ಎದ್ದು ಹೊರಗೆ ಹೋಗುವ ರೂಢಿಯಿದೆ. ಅವರ ಹಿಂದೆಯೇ ನೀವೂ ಹೊರಗೆ ಹೋಗಿ ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ದೀಪಗಳನ್ನು ಒಟ್ಟಿಗೆ ಐದು ಕೊಂಡಿಟ್ಟರೆ ಹಬ್ಬದ ಹಿಂದಿನ ಸಂಜೆ ಅಂಗಡಿ ಮುಚ್ಚಿದ ಮೇಲೆ ಓಡಾಡುವುದು ತಪ್ಪುತ್ತದೆ.